ದಿನದ ಬಟ್ಟೆಯಲ್ಲೂ ಅಚ್ಚುಕಟ್ಟು

(ಮಹಿಳಾ ವಿಭಾಗದ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ದಿನನಿತ್ಯದ ಉಡುಪಿನಲ್ಲೇ ಚೆಂದ ಕಾಣುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ನೈಟಿಯಲ್ಲಿದ್ದೆ. ಎಂಥ ನೈಟಿ ಅಂತೀರಿ? ಹೂವಿನ ಬಣ್ಣವೆಲ್ಲ ಹೋಗಿ ಎಲೆ ಮಾತ್ರ ಉಳಿದಿದ್ದು. ಮೇಲೆ ಇನ್ಯಾವುದೋ ಡ್ರೆಸ್ಸಿನ ದುಪಟ್ಟಾ. ನೀವು ನಗುತ್ತಿದ್ದೀರಿ ಎಂದರೆ ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದೆ ಎಂದೇ ಅರ್ಥ.

ನಾನು ಫ್ಯಾಷನ್ ಕಲಿತವಳಲ್ಲ. ಡೊಂಬಿವಲಿಯಿಂದ ಇಪ್ಪತ್ತೆರಡು ವರ್ಷ ಲೋಕಲ್ ಟ್ರೇನಿನಲ್ಲಿ ಕಚೇರಿಗೆ ಓಡಾಡಿದವಳು. ಆಗೆಲ್ಲ ಇಸ್ತ್ರಿ ತಪ್ಪುತ್ತಿರಲಿಲ್ಲ, ಸೆರಗಿಗೆ ಪಿನ್ ತಪ್ಪುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ‘ಇನ್ನು ನನ್ನನ್ನು ಯಾರು ನೋಡಬೇಕು?’ ಎಂಬ ಮಾತು ಬಾಯಿಗೆ ಬಂತು. ಒಂದು ವರ್ಷದೊಳಗೆ ಆ ನೈಟಿಯೇ ನನ್ನ ಸಮವಸ್ತ್ರವಾಯಿತು.

ಒಂದು ದಿನ ನಮ್ಮ ಮಹಡಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಸತ್ಯನಾರಾಯಣ ಪೂಜೆಯ ಪ್ರಸಾದ ಹಿಡಿದುಕೊಂಡು ಬಂದಳು. ಬಾಗಿಲು ತೆಗೆದವಳು ನಾನು. ಅವಳು ಕೇಳಿದಳು: “ಮೇಡಮ್ ಇದ್ದಾರಾ?” ನನಗೆ ಏನನ್ನಿಸಿತೋ, “ಇಲ್ಲ, ಹೊರಗೆ ಹೋಗಿದ್ದಾರೆ” ಎಂದುಬಿಟ್ಟೆ. ಪ್ರಸಾದ ಇಸಕೊಂಡು ಬಾಗಿಲು ಹಾಕಿದೆ.

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ನಮ್ಮ ಕೆಲಸದ ಬಾಯಿಗೆ ಇದೆಲ್ಲ ಕೇಳಿಸಿತ್ತು. ನಗು ತಡೆಯದೆ ಅಂದಳು, “ತಾಯಿ, ನನ್ನನ್ನು ನೋಡಿದ್ದರೆ ಅವಳು ಹಾಗೆ ಕೇಳುತ್ತಿರಲಿಲ್ಲ!” ಅವಳು ಹೇಳಿದ್ದು ನಿಜ. ಟಿಟವಾಳಾದಿಂದ ಬರುತ್ತಾಳೆ, ನಾಲ್ಕು ಮನೆಯ ಕೆಲಸ. ಉಡುವುದು ಸಾದಾ ಸೀರೆಯೇ. ಆದರೆ ನೆರಿಗೆ ಕದಲಿರುವುದಿಲ್ಲ, ರವಿಕೆಯ ಹೊಲಿಗೆ ಬಿಚ್ಚಿರುವುದಿಲ್ಲ, ತಲೆ ಬಾಚಿ ತುರುಬು ಕಟ್ಟಿರುತ್ತಾಳೆ. ಇಷ್ಟು ಕೆಲಸದ ನಡುವೆ ಅದು ಹೇಗೆ ಸಾಧ್ಯ ಎಂದು ಕೇಳಿದೆ. “ಟ್ರೇನಿನಲ್ಲಿ ಕೂತಾಗ ನಾನು ಯಾರ ಮನೆಯ ಕೆಲಸದವಳೂ ಅಲ್ಲವಲ್ಲ” ಎಂದಳು. ನನಗೆ ಸಿಕ್ಕ ಪಾಠ ಅದೇ. ಅವಳು ಉಡುತ್ತಿದ್ದುದು ನೋಡುವವರಿಗಾಗಿ ಅಲ್ಲ.

ಇನ್ನೊಂದು ಪಾಠ ನಮ್ಮ ಅತ್ತೆಯವರ ಕಪಾಟಿನದು. ಅವರು ಬಾಗಲಕೋಟೆ ಕಡೆಯವರು. ಒಳ್ಳೆಯ ಸೀರೆ ಉಡಿ ಎಂದರೆ, “ಇರ್ಲಿ ಬಿಡವಾ, ಎಲ್ಲರೆ ಹೋಗೂಮುಂದ ಉಟ್ಟರಾತು” ಎನ್ನುತ್ತಿದ್ದರು. ಹೋಗುವುದು ಎಲ್ಲಿಗೆ? ಮೊಣಕಾಲು ನೋವು, ಲಿಫ್ಟ್ ಇಲ್ಲದ ಕಟ್ಟಡ. ಅವರು ತೀರಿಕೊಂಡ ಮೇಲೆ ಕಪಾಟು ತೆರೆದೆ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಎರಡು ರೇಷ್ಮೆ ಸೀರೆಗಳು ಮಡಿಕೆಯ ಗೆರೆಯುದ್ದಕ್ಕೂ ಬಿರಿದಿದ್ದವು. ಕೈಯಲ್ಲಿ ಎತ್ತಿದರೆ ಇನ್ನಷ್ಟು ಹರಿಯುತ್ತಿದ್ದವು. ಉಟ್ಟು ಹರಿದಿದ್ದರೆ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲ. ಅವುಗಳ ಕೆಳಗೆ ಒಂದು ಇಳಕಲ್ ಸೀರೆ ಮಾತ್ರ ಚೆನ್ನಾಗಿ ಉಳಿದಿತ್ತು. ನೀಲಿ ಹತ್ತಿಯ ಮೈ, ಕೆಂಪು ರೇಷ್ಮೆಯ ಸೆರಗು. ಮರುದಿನ ಅದನ್ನುಟ್ಟು ತರಕಾರಿ ತರಲು ಹೋದೆ.

ಈಗ ನನಗೆ ತಿಳಿದ ಕೆಲವು ಉಪಯೋಗದ ಮಾತು ಹೇಳುತ್ತೇನೆ. ಇದಕ್ಕೆ ಹೊಸ ಬಟ್ಟೆ ಬೇಕಿಲ್ಲ.

ಮೊದಲನೆಯದು ಅಳತೆ. ದುಬಾರಿ ಕುರ್ತಾ ಕೂಡ ಭುಜದಿಂದ ಜಾರುತ್ತಿದ್ದರೆ ಎರವಲು ತಂದಂತೆ ಕಾಣುತ್ತದೆ. ಭುಜದ ಹೊಲಿಗೆ ನಮ್ಮ ಭುಜದ ಮೂಳೆಯ ಮೇಲೆ ಕೂರಬೇಕು. ಕೊಳ್ಳುವಾಗ ಅದನ್ನೇ ಮೊದಲು ನೋಡಿ, ಏಕೆಂದರೆ ಭುಜ ಸರಿಪಡಿಸುವುದು ಕಷ್ಟ. ಪಕ್ಕ, ತೋಳು, ಉದ್ದ ಇವನ್ನು ಮೂಲೆಯ ಆಲ್ಟರ್ ಅಂಗಡಿಯವನು ಸುಲಭವಾಗಿ ಸರಿಮಾಡಿಕೊಡುತ್ತಾನೆ. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ.

ಎರಡನೆಯದು, ಸೀರೆಯ ಅಂಚು. ಸೀರೆ ಎಷ್ಟೇ ಚೆನ್ನಾಗಿದ್ದರೂ ಕೆಳಗೆ ಫಾಲ್ ಸುಕ್ಕುಗಟ್ಟಿದ್ದರೆ ಕಳೆ ಹೋಗುತ್ತದೆ. ಫಾಲನ್ನೂ ಹಚ್ಚುವ ಮೊದಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹೊರಗೆ ಹೋಗುವ ಚಪ್ಪಲಿಯನ್ನು ಮೆಟ್ಟಿಕೊಂಡೇ ಸೀರೆ ಉಟ್ಟರೆ ಉದ್ದ ಸರಿಯಾಗಿ ಬರುತ್ತದೆ. ಒಳಲಂಗ ಸೀರೆಯ ಬಣ್ಣಕ್ಕೆ ಹೊಂದಲಿ, ಸೀರೆಗಿಂತ ಎರಡು ಬೆರಳು ಮೇಲಿರಲಿ.

ಮೂರನೆಯದು ಒಗೆತ, ಇಸ್ತ್ರಿ. ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಹಾಕಿದರೆ ಬಣ್ಣ ಬಹುಕಾಲ ನಿಲ್ಲುತ್ತದೆ. ಹತ್ತಿ ಬಟ್ಟೆ ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಿ. ಅನ್ನದ ಗಂಜಿಯನ್ನು ಸೋಸಿ, ತಿಳಿ ಮಾಡಿ ಹಾಕಿದರೆ ಹಳೆಯ ಹತ್ತಿ ಸೀರೆಗೂ ಜೀವ ಬರುತ್ತದೆ. ಆದರೆ ಗಂಜಿ ಹಾಕಿದ ಸೀರೆಯನ್ನು ಮುಂಬಯಿಯ ಮಳೆಗಾಲದಲ್ಲಿ ಕಪಾಟಿನಲ್ಲಿ ಬಹಳ ದಿನ ಇಡಬೇಡಿ, ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ.

ನಾಲ್ಕನೆಯದು, ಒಂದು ಹೂ ಹೂವಾಗಿದ್ದರೆ ಇನ್ನೊಂದು ಸಾದಾ ಇರಲಿ. ಕುರ್ತಾದ ಮೇಲೆ ಚಿತ್ತಾರವಿದ್ದರೆ ದುಪಟ್ಟಾ, ಲೆಗ್ಗಿಂಗ್ಸ್ ಒಂದೇ ಬಣ್ಣದವಿರಲಿ. ಬಿಳಿ, ಕಪ್ಪು, ತಿಳಿಗಂದು, ಈ ಮೂರು ಬಣ್ಣದ ಪ್ಯಾಂಟುಗಳಿದ್ದರೆ ಹತ್ತು ಕುರ್ತಾಗಳಿಗೆ ಸಾಕು. ಬಿದ್ದುಹೋದ ಗುಂಡಿ, ಬಿಚ್ಚಿದ ಹೊಲಿಗೆ, ಕಿತ್ತ ಚಪ್ಪಲಿಯ ಪಟ್ಟಿ, ಇವನ್ನು ಅಂದೇ ಸರಿಮಾಡಿ. ಮೊದಲು ಕಣ್ಣಿಗೆ ಬೀಳುವುದು ಅವೇ.

ಕೊನೆಯದು, ಕಪಾಟಿನ ಸೀರೆಗಳು. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ಬಿಡಿಸಿ, ಮಡಿಕೆ ಬದಲಿಸಿ. ಇಳಕಲ್ ಸೀರೆಯ ಮೈಯನ್ನೂ ಸೆರಗನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೆಂಪು ಸೆರಗು ಬಣ್ಣ ಬಿಡಬಹುದು, ಮೊದಮೊದಲು ಬೇರೆಯಾಗಿಯೇ ಒಗೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಉಡಿ. ಅದಕ್ಕೊಂದು ಗುಳೇದಗುಡ್ಡದ ಖಣದ ರವಿಕೆ ಹಾಕಿದರೆ ಸಾಕು, ಮೈಮೇಲೆ ಬೇರೆ ಒಡವೆ ಬೇಕಿಲ್ಲ. ನಿಮ್ಮದು ಕರಾವಳಿಯಾದರೆ ಕೈಮಗ್ಗದ ಉಡುಪಿ ಸೀರೆ ಇದೆಯಲ್ಲ, ತೆಳುವಾದ ಹತ್ತಿ, ಇಲ್ಲಿಯ ಸೆಕೆಗೆ ಹೇಳಿ ಮಾಡಿಸಿದ್ದು.

ನೈಟಿ ಹಾಕಲೇಬಾರದು ಎನ್ನುತ್ತಿಲ್ಲ ನಾನು. ಮನೆಗೆಲಸಕ್ಕೆ, ಸೆಕೆಗೆ ಅದು ಅನುಕೂಲವೇ. ಬೆಳಗ್ಗೆ ಸ್ನಾನವಾದ ಮೇಲೂ ರಾತ್ರಿಯ ನೈಟಿಯಲ್ಲೇ ಉಳಿದು, ‘ನನಗೇನು ಬೇಕು’ ಎನ್ನುತ್ತೇವಲ್ಲ, ಆ ಮಾತು ಬಿಡೋಣ. ಹಾಗೆನ್ನುತ್ತ ಇದ್ದರೆ ಒಂದು ದಿನ ಯಾರೋ ಬಾಗಿಲು ಬಡಿದಾಗ ‘ಮೇಡಮ್ ಇಲ್ಲ’ ಎಂದು ನಾವೇ ಹೇಳಿಬಿಡುತ್ತೇವೆ.

ಮೊನ್ನೆ ಅದೇ ಹುಡುಗಿ ಕೆಳಗೆ ಗೇಟಿನ ಬಳಿ ಸಿಕ್ಕಳು. ನಾನು ಅತ್ತೆಯ ಇಳಕಲ್ ಉಟ್ಟಿದ್ದೆ. “ಆಂಟಿ, ಈ ಸೀರೆ ಎಲ್ಲಿಯದು? ಎಷ್ಟು ಚೆನ್ನಾಗಿದೆ!” ಎಂದಳು. ನಮ್ಮ ಅತ್ತೆಯದು, ನಮ್ಮ ಊರ ಕಡೆಯದು ಎಂದೆ. ಪ್ರಸಾದದ ಕತೆ ಮಾತ್ರ ಹೇಳಲಿಲ್ಲ. ಆ ನೈಟಿ ಈಗ ನಮ್ಮ ಮನೆಯ ನೆಲ ಒರೆಸುತ್ತಿದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ತಿಂಗಳ ಕೂಟಕ್ಕೆ ಹೊಸದೇನನ್ನೂ ಕೊಳ್ಳಬೇಡಿ. ‘ಎಲ್ಲಾದರೂ ಹೋಗುವಾಗ ಉಡೋಣ’ ಎಂದು ಎತ್ತಿಟ್ಟ ಒಂದು ಸೀರೆಯನ್ನೋ ಡ್ರೆಸ್ಸನ್ನೋ ಹಾಕಿಕೊಂಡು ಬನ್ನಿ. ಅದು ಯಾರು ಕೊಟ್ಟಿದ್ದು, ಎಷ್ಟು ವರ್ಷದಿಂದ ಕಪಾಟಿನಲ್ಲಿತ್ತು ಎಂಬುದನ್ನು ಒಬ್ಬೊಬ್ಬರಾಗಿ ಹೇಳೋಣ.