ಟೀನೂ ಬೇಡ, ಕಾಫಿನೂ ಬೇಡ ಅನ್ನೋರು ಎಲ್ಲಿ ನಿಲ್ಲಬೇಕು?



ನಾನು ಟೀ ಕುಡಿಯಲ್ಲ. ಕಾಫಿಯನ್ನೂ ಕುಡಿಯಲ್ಲ. ಇದು ವ್ರತ ಅಲ್ಲ, ಡಾಕ್ಟರ್ ಬೇಡ ಅಂದಿಲ್ಲ, ಗಾಂಧೀಜಿ ಓದಿ ಬಿಟ್ಟಿದ್ದೂ ಅಲ್ಲ. ಎರಡರ ರುಚಿಯೂ ನನಗೆ ಹಿಡಿಸಲ್ಲ, ಅಷ್ಟೇ. ಇಂಥ ಸಣ್ಣ ವಿಷಯಕ್ಕೆ ಒಂದು ಭಾಷಣ ಬೇಕಾ ಅಂತ ಈ ಚಾನೆಲ್‌ನವರೇ ನನ್ನ ಕೇಳಿದ್ರು. ಬೆಂಗಳೂರಲ್ಲಿ ಇದ್ದಿದ್ರೆ ಬೇಕಿರಲಿಲ್ಲ. ನಾನಿರೋದು ದೆಹಲಿಯ ಮುಖರ್ಜಿ ನಗರದಲ್ಲಿ. ಅಲ್ಲಿ ಇದು ಸಣ್ಣ ವಿಷಯ ಅಲ್ಲ.

ಗೊತ್ತಿಲ್ಲದೋರಿಗೆ ಹೇಳ್ಬೇಕು ಅಂದ್ರೆ, ಮುಖರ್ಜಿ ನಗರ ಉತ್ತರ ದೆಹಲಿಯಲ್ಲಿದೆ. ಯೆಲ್ಲೋ ಲೈನಲ್ಲಿ ಜಿಟಿಬಿ ನಗರ ಸ್ಟೇಷನ್ನಲ್ಲಿ ಇಳಿದು ಈ-ರಿಕ್ಷಾ ಹತ್ತಿ 'ಬತ್ರಾ' ಅಂದ್ರೆ ಸಾಕು. ಬತ್ರಾ ಸಿನಿಮಾ ಮುಚ್ಚಿ ಕಾಲ ಆಯ್ತು, ಹೆಸರು ಮಾತ್ರ ಉಳಿದಿದೆ. ಯುಪಿಎಸ್‌ಸಿಗೆ ಓದೋ ಮಕ್ಕಳು, ಅದರಲ್ಲೂ ಹಿಂದಿ ಮಾಧ್ಯಮದೋರು, ತುಂಬಿರೋ ಜಾಗ ಅದು. ಕರ್ನಾಟಕದೋರು ಹೆಚ್ಚಾಗಿ ರಾಜಿಂದರ್ ನಗರದ ಕಡೆ ಹೋಗ್ತಾರೆ. ನಮ್ಮ ಚಿಕ್ಕಪ್ಪನ ಮಗ ಬಾಡಿಗೆ ಕಮ್ಮಿ ಅಂತ ಈ ಕಡೆ ಬಂದ. ನಾನು ಅವನ ಜೊತೆ ಸೇರಿಕೊಂಡೆ. ನನ್ನ ಆಫೀಸ್ ಗುರುಗ್ರಾಮದಲ್ಲಿ, ದಿನಾ ಯೆಲ್ಲೋ ಲೈನಲ್ಲೇ ಓಡಾಟ. ಹತ್ತಿರದಲ್ಲಿ ಮನೆ ಮಾಡು ಅಂತ ಎಲ್ಲರೂ ಹೇಳಿದ್ರು. ಆದ್ರೆ ತಮ್ಮ ಒಬ್ಬನೇ ಇರಬಾರದು ಅಂತ ಮನೇಲಿ ಇತ್ತು, ನನಗೂ ಇತ್ತು.

ದೆಹಲಿಯಲ್ಲಿ ದಕ್ಷಿಣದೋನಿಗೆ ಈ ವಿಷಯದಲ್ಲಿ ಎರಡು ಪರೀಕ್ಷೆ. 'ಚಾಯ್ ಬೇಡ' ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮುಖ ಅರಳುತ್ತೆ. 'ಅಚ್ಛಾ, ಸೌತ್ ಸೆ ಹೋ, ಕಾಫಿ ಪೀತೇ ಹೋಗೇ!' ಅಂತ ಹೇಳಿ ಇನ್‌ಸ್ಟಂಟ್ ಪುಡಿಗೆ ಸಕ್ಕರೆ ಹಾಕಿ, ಚಮಚದಲ್ಲಿ ಹತ್ತು ನಿಮಿಷ ಕಡೆದು, ನೊರೆ ಬರಿಸಿ ತಂದುಕೊಡ್ತಾರೆ. ಅಷ್ಟು ಕೈ ನೋಯಿಸಿಕೊಂಡು ಮಾಡಿದ್ದನ್ನ 'ಇದೂ ಬೇಡ' ಅನ್ನೋದು ಹೇಗೆ? ನಮ್ಮ ಮನೆ ಓನರ್ ಆಂಟಿಗೆ ಮೊದಲನೇ ದಿನವೇ ಹೇಳಿಬಿಟ್ಟೆ. ಅವರು ಒಂದು ನಿಮಿಷ ಯೋಚಿಸಿ ದೊಡ್ಡ ಸ್ಟೀಲ್ ಲೋಟದಲ್ಲಿ ಬಿಸಿ ಹಾಲು ತಂದುಕೊಟ್ಟರು. ಮೂವತ್ತು ದಾಟಿದ, ಎಂಟೆಕ್ ಮಾಡಿರೋ ಮನುಷ್ಯನಿಗೆ, ಪಕ್ಕದಲ್ಲಿ ಅವರ ಎಂಟು ವರ್ಷದ ಮೊಮ್ಮಗ ಅಂಥದ್ದೇ ಲೋಟ ಹಿಡಿದು ಕೂತಿರುವಾಗ. ಕುಡಿದೆ. ಇವತ್ತಿಗೂ ಬಾಡಿಗೆ ಕೊಡೋಕೆ ಹೋದಾಗೆಲ್ಲ ಹಾಲು ಬರುತ್ತೆ.

ತಮ್ಮ ನನಗೊಂದು ಉಪಾಯ ಹೇಳಿಕೊಟ್ಟ. 'ಅಣ್ಣ, ಆಸಿಡಿಟಿ ಅನ್ನು. ಒಬ್ಬರೂ ಮುಂದೆ ಕೇಳಲ್ಲ.' ಅವನು ಹೇಳಿದ್ದು ನಿಜ. ಆಸಿಡಿಟಿ ಅಂದ್ರೆ ಮರ್ಯಾದೆ, ಜೊತೆಗೆ ಜೀರಿಗೆ ನೀರಿನ ಸಲಹೆ. 'ಇಷ್ಟ ಇಲ್ಲ' ಅಂದ್ರೆ ಮಾತ್ರ ವಿಚಾರಣೆ. ನಮ್ಮ ಕೈದು ಕುಡಿದು ನೋಡಿ, ಶುಂಠಿ ಜಾಸ್ತಿ ಹಾಕ್ತೀನಿ, ಒಳ್ಳೆ ಟೀ ಸಿಕ್ಕಿಲ್ಲ ನಿಮಗೆ. ಹಾಗಲಕಾಯಿ ಇಷ್ಟ ಇಲ್ಲ ಅಂದೋನಿಗೆ ಯಾರೂ ಒಳ್ಳೆ ಹಾಗಲಕಾಯಿ ಹುಡುಕಿಕೊಡೋಕೆ ಹೋಗಲ್ಲ. ಟೀ-ಕಾಫಿಗೆ ಮಾತ್ರ ಯಾಕೆ ಹೀಗೆ?

ವಿಜ್ಞಾನ ಬೇಕು ಅನ್ನೋರಿಗೆ ಒಂದೆರಡು ಮಾತು. ಕೆಫೀನ್ ಕಹಿ ಪದಾರ್ಥ. ಕಹಿಯನ್ನ ಗುರುತಿಸೋ ಜೀನ್‌ಗಳು ಮನುಷ್ಯರಲ್ಲಿ ಇಪ್ಪತ್ತಕ್ಕೂ ಹೆಚ್ಚಿವೆ, ಅವು ಎಲ್ಲರಲ್ಲೂ ಒಂದೇ ಥರ ಇರಲ್ಲ. ಕುಡಿದ ಕೆಫೀನನ್ನ ಲಿವರ್‌ನಲ್ಲಿ ಒಡೆಯೋ ಕಿಣ್ವದ ವೇಗವೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಸರಾಸರಿ ಲೆಕ್ಕದಲ್ಲಿ ಅರ್ಧ ಕೆಫೀನ್ ಹೊರಹೋಗೋಕೆ ಸುಮಾರು 5 ಗಂಟೆ ಬೇಕು, ಕೆಲವರಿಗೆ ಅದರ ಎರಡರಷ್ಟು. ಹಾಗಾಗಿ ಸಂಜೆ ಆರಕ್ಕೆ ಕುಡಿದು ಹತ್ತಕ್ಕೆ ಮಲಗೋನೂ ಇದ್ದಾನೆ, ಬೆಳಗಿನ ಜಾವದವರೆಗೆ ಸೀಲಿಂಗ್ ನೋಡೋನೂ ಇದ್ದಾನೆ. ಆದ್ರೆ ಇದನ್ನ ಹೇಳಿ ಯಾರನ್ನಾದ್ರೂ ಒಪ್ಪಿಸೋಕೆ ಹೋಗಬೇಡಿ. ಕೇಳೋರು ಜೀನ್ ಬಗ್ಗೆ ಕೇಳ್ತಿರಲ್ಲ.

ಇನ್ನೊಂದು ವಾದ ಸಂಸ್ಕೃತಿದು. 'ಟೀ ಕುಡಿಯದೆ ಭಾರತೀಯ ಹೇಗಾಗ್ತೀಯ?' ಇದಕ್ಕೆ ಮಾತ್ರ ನನಗೆ ಸ್ವಲ್ಪ ಕೋಪ ಬರುತ್ತೆ, ಯಾಕಂದ್ರೆ ಈ ಸಂಸ್ಕೃತಿಯ ವಯಸ್ಸು ನಮ್ಮ ಅಜ್ಜಿಯ ವಯಸ್ಸಿಗಿಂತ ಬಹಳ ಹೆಚ್ಚೇನಿಲ್ಲ. 1903ರಲ್ಲಿ ಬ್ರಿಟಿಷ್ ಸರ್ಕಾರ ರಫ್ತಾಗೋ ಟೀ ಮೇಲೆ ಸೆಸ್ ಹಾಕಿ, ಆ ದುಡ್ಡನ್ನ ಪ್ರಚಾರಕ್ಕೆ ಎತ್ತಿಟ್ಟಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊರದೇಶದ ಬೇಡಿಕೆ ಬಿದ್ದು ಟೀ ಮಿಕ್ಕಿಹೋದಾಗ ತೋಟದ ಕಂಪನಿಗಳ ಕಣ್ಣು ನಮ್ಮ ಮೇಲೆ ಬಿತ್ತು. 1937ರ ಹೊತ್ತಿಗೆ ಇಂಡಿಯನ್ ಟೀ ಮಾರ್ಕೆಟ್ ಎಕ್ಸ್‌ಪಾನ್ಷನ್ ಬೋರ್ಡ್ ಅಂತಲೇ ಒಂದು ಸಂಸ್ಥೆ ಇತ್ತು. ವ್ಯಾನಲ್ಲಿ ಊರೂರಿಗೆ ಹೋಗಿ ಪುಕ್ಕಟೆ ಟೀ ಹಂಚಿದ್ರು, ಮನೆಮನೆಗೆ ಹೋಗಿ ಮಾಡೋದು ಹೇಗೆ ಅಂತ ತೋರಿಸಿದ್ರು, ರೈಲ್ವೆ ಸ್ಟೇಷನ್ನಲ್ಲಿ ಬೋರ್ಡ್ ಹಾಕಿದ್ರು. ಜನ ಹಾಲು ಸಕ್ಕರೆ ಸುರಿದು ಪುಡಿ ಕಮ್ಮಿ ಹಾಕ್ತಾರೆ ಅನ್ನೋದು ಪ್ರಚಾರ ಮಾಡಿದೋರಿಗೇ ದೊಡ್ಡ ತಲೆನೋವಾಗಿತ್ತು. ಆಮೇಲೆ ಸಿಟಿಸಿ ಯಂತ್ರದ ಬಳಕೆ ಹೆಚ್ಚಾಯ್ತು. ಎಲೆಯನ್ನ ಪುಡಿಪುಡಿ ಮಾಡಿ ಕಾಳಿನ ಥರ ಮಾಡುತ್ತಲ್ಲ, ಅದು. ಅಗ್ಗ, ಕಡಕ್, ಒಂದು ಕಿಲೋಗೆ ಲೋಟ ಹೆಚ್ಚು. ಇವತ್ತು ರಸ್ತೆ ಬದೀಲಿ ಸಿಗೋ ಟೀ ಹುಟ್ಟಿದ್ದು ಹಾಗೆ. ಆ ಕಾಲದಲ್ಲೇ ಬೇಡ ಅನ್ನೋರೂ ಇದ್ರು. ಬಂಗಾಳದ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಟೀ ವಿರುದ್ಧ ಪ್ರಚಾರ ಮಾಡಿದ್ರು. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಕೂತು ಆರೋಗ್ಯದ ಬಗ್ಗೆ ಬರೆದ ಗಾಂಧೀಜಿ, ಟೀ ಕಾಫಿ ಕೋಕೋ ಮೂರೂ ದೇಹಕ್ಕೆ ಬೇಕಿಲ್ಲ ಅಂದ್ರು. ಈ ವಾದದಲ್ಲಿ ಯಾರು ಗೆದ್ದರು ಅಂತ ನಿಮ್ಮ ಕೈಯಲ್ಲಿರೋ ಲೋಟ ಹೇಳುತ್ತೆ.

ಕಾಫಿ ಕಥೆ ನಮಗೆ ಇನ್ನೂ ಹತ್ತಿರ. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಹಾಕಿದ್ರು ಅಂತ ಐತಿಹ್ಯ. ಈಗ ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದೇ. ಕಾಫಿ ಬೇಡ ಅನ್ನೋ ಕನ್ನಡಿಗನ್ನ ಕನ್ನಡಿಗರೇ ಒಂಥರಾ ನೋಡ್ತಾರೆ. ದೆಹಲಿಯಲ್ಲಿ ಒಂದು ಕನ್ನಡದ ಮನೆಗೆ ಹಬ್ಬಕ್ಕೆ ಹೋಗಿದ್ದೆ. ಆ ಮನೆಯ ಅಕ್ಕ ಊರಿಂದ ತಂದ ಪುಡಿಯನ್ನ ಲಾಕರ್‌ನಲ್ಲಿಟ್ಟ ಒಡವೆ ಥರ ತೆಗೆದು ಡಿಕಾಕ್ಷನ್ ಹಾಕಿದ್ರು. ನಾನು ಬೇಡ ಅಂದಾಗ ಅವರ ಮುಖ ಸಣ್ಣಗಾಯ್ತು. ಅವರು ನನಗೆ ಕೊಡ್ತಾ ಇದ್ದಿದ್ದು ಕಾಫಿ ಅಲ್ಲ, ಊರು. ಅದು ಗೊತ್ತಿದ್ದೂ ನನ್ನ ನಾಲಿಗೆ ಒಪ್ಪಲ್ಲ.

ನಮ್ಮದು ಶಿರಸಿ ಕಡೆ. ಹವ್ಯಕರ ಮನೆಗೆ ಯಾರಾದ್ರೂ ಬಂದ್ರೆ ಮೊದಲು ಕೈಕಾಲು ತೊಳೆಯೋಕೆ ನೀರು, ಆಮೇಲೆ 'ಆಸ್ರಿಗೆ ಎಂತ?' ಅಂತ ಕೇಳ್ತಾರೆ. ಆಸರು ಅಂದ್ರೆ ಬಾಯಾರಿಕೆ. ಬಿಸಿಲಲ್ಲಿ ನಡೆದು ಬಂದಿದ್ದೀರಿ, ಬಾಯಾರಿಕೆಗೆ ಏನು ಕೊಡಲಿ ಅಂತ. ಆ ಪ್ರಶ್ನೆಯಲ್ಲಿ ಟೀ ಇಲ್ಲ, ಕಾಫಿ ಇಲ್ಲ. ಉತ್ತರ ಬೆಲ್ಲ-ನೀರು ಆಗಬಹುದು, ಮಜ್ಜಿಗೆ ಆಗಬಹುದು, ಮಳೆಗಾಲದಲ್ಲಿ ಕಷಾಯ, ಬೇಸಿಗೆಯಲ್ಲಿ ಮುರುಗಲು ಹಣ್ಣಿನ ಪಾನಕ. ಬರೀ ನೀರು ಸಾಕು ಅಂದ್ರೂ ಯಾರೂ ಬೇಜಾರಾಗಲ್ಲ. ಈಗ ಅಲ್ಲೂ ಹೆಚ್ಚಿನ ಮನೆಗಳಲ್ಲಿ 'ಚಾನೋ ಕಾಫಿನೋ' ಅಂತಲೇ ಕೇಳೋದು, ನಾನೇನೂ ಹಳೇ ಕಾಲವನ್ನ ಹೊಗಳ್ತಾ ಕೂರಲ್ಲ. ಆದ್ರೆ ಎರಡು ಆಯ್ಕೆ ಇಟ್ಟು ಕೇಳೋದಕ್ಕೂ, ನಿನಗೆ ಏನು ಬೇಕು ಅಂತ ಕೇಳೋದಕ್ಕೂ ಇರೋ ವ್ಯತ್ಯಾಸ, ಮೂರನೆಯದು ಬೇಕಾದೋನಿಗೆ ಚೆನ್ನಾಗಿ ಗೊತ್ತಿರುತ್ತೆ. ಪ್ರೋಗ್ರಾಂ ಬರೆಯೋರು ನೀವು, ಡೀಫಾಲ್ಟ್ ಕೇಸ್ ಬರೆಯದೆ ಬಿಟ್ಟರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಮುಖರ್ಜಿ ನಗರಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಮುಖ್ಯ ವಿಷಯ ಅಲ್ಲಿರೋದು. 'ಟ್ವೆಲ್ತ್ ಫೇಲ್' ಸಿನಿಮಾ ನೀವು ನೋಡಿರಬಹುದು, 2023ರದ್ದು. ಅದರಲ್ಲಿ ಗೌರಿ ಭೈಯಾ ಅನ್ನೋ ಪಾತ್ರ ತನ್ನ ಕೊನೆಯ ಅವಕಾಶವೂ ಮುಗಿದ ಮೇಲೆ ಅಲ್ಲೇ ಒಂದು ಟೀ ಅಂಗಡಿ ಹಾಕ್ತಾನೆ. ಹೆಸರು 'ರೀಸ್ಟಾರ್ಟ್'. ಓದೋ ಹುಡುಗರೆಲ್ಲ ಅಲ್ಲಿಗೇ ಬರ್ತಾರೆ. ಸಿನಿಮಾ ಅಂತ ಸ್ವಲ್ಪ ಬಣ್ಣ ಹಚ್ಚಿರಬಹುದು, ಆದ್ರೆ ಟೀ ಅಂಗಡಿ ವಿಷಯದಲ್ಲಿ ಅದು ಸುಳ್ಳು ಹೇಳಿಲ್ಲ. ಒಂದು ಮಂಚ, ಒಂದು ಟೇಬಲ್ ಹಿಡಿಸೋ ರೂಮು. ಲೈಬ್ರರಿ ಅಂತ ಬಾಡಿಗೆಗೆ ತಗೊಳ್ಳೋ ಸೀಟಲ್ಲಿ ಮಾತಾಡೋ ಹಾಗಿಲ್ಲ. ಕ್ಲಾಸಲ್ಲಿ ನೂರಾರು ಜನ. ಈ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಮಾತಾಡೋಕೆ ಇರೋ ಜಾಗ ಅಂದ್ರೆ ಟೀ ಅಂಗಡಿ ಒಂದೇ. ಒಂದು ಲೋಟ ಟೀ ಅಂದ್ರೆ ಅಲ್ಲಿ ಅರ್ಧ ಗಂಟೆ ನಿಲ್ಲೋಕೆ ಕೊಡೋ ಬಾಡಿಗೆ. ಯಾವ ಟೆಸ್ಟ್ ಸೀರೀಸ್ ಚೆನ್ನಾಗಿದೆ, ಯಾವ ರೂಮು ಖಾಲಿ ಆಗ್ತಿದೆ, ಯಾರು ಊರಿಗೆ ಹೋಗಿಬಿಟ್ಟ, ಎಲ್ಲ ಅಲ್ಲೇ. ಜೂನ್ ತಿಂಗಳಲ್ಲಿ, 45 ಡಿಗ್ರಿ ಬಿಸಿಲಲ್ಲೂ ಬಿಸಿ ಬಿಸಿ ಟೀ ಹಿಡಿದು ನಿಂತಿರ್ತಾರೆ. ಮೊದಲು ನನಗೆ ಹುಚ್ಚು ಅನ್ನಿಸ್ತಿತ್ತು. ಬಾಡಿಗೆ ಲೆಕ್ಕ ಅರ್ಥ ಆದ ಮೇಲೆ ಹಾಗನ್ನಿಸಲಿಲ್ಲ.

ಸಾಮಾನ್ಯ ವರ್ಗದೋರಿಗೆ ಯುಪಿಎಸ್‌ಸಿಯಲ್ಲಿ 32ರ ವಯಸ್ಸಿನ ಒಳಗೆ 6 ಅವಕಾಶ. ತಮ್ಮನದು ಮೂರನೆಯದು. ಪ್ರಿಲಿಮ್ಸ್ ರಿಸಲ್ಟ್ ಬಂದ ಸಂಜೆ ಅವನ ನಂಬರ್ ಪಿಡಿಎಫ್‌ನಲ್ಲಿ ಇರಲಿಲ್ಲ. ನಾನು ಆಫೀಸಿಂದ ಬಂದಾಗ ರೂಮಲ್ಲಿ ಲೈಟ್ ಹಾಕದೆ ಕೂತಿದ್ದ. ಊಟ ಬೇಡ, ಮಾತಿಲ್ಲ. ನಾನೂ ಪಕ್ಕದಲ್ಲಿ ಸುಮ್ಮನೆ ಕೂತೆ. ಸುಮಾರು ಒಂದೂವರೆ ಗಂಟೆ ಆದ ಮೇಲೆ 'ಅಣ್ಣ, ಚಾಯ್‌ಗೆ ಬರ್ತೀಯಾ?' ಅಂದ. ನಾನು ಕುಡಿಯಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೋದ್ವಿ. ಅವನಿಗೆ ಟೀ, ನನಗೆ ಬಿಸಿನೀರಿಗೆ ಜಜ್ಜಿದ ಶುಂಠಿ ಹಾಕಿಸಿಕೊಂಡೆ. ಕುದಿಯೋ ಪಾತ್ರೆ ನೋಡ್ತಾ, ನನ್ನ ಮುಖ ನೋಡದೆ, ಅವನು ಶುರು ಮಾಡಿದ. ಅಪ್ಪ ಸೊಸೈಟಿಯಲ್ಲಿ ತೆಗೆದ ಸಾಲ ಇವನಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದ. ಕೊಳೆರೋಗ ಬಂದು ಆ ವರ್ಷ ಅಡಿಕೆ ಅರ್ಧ ಉದುರಿದ್ದೂ ಗೊತ್ತಿತ್ತು. ಇನ್ನು ಮನೆಯಿಂದ ದುಡ್ಡು ತರಿಸೋದಿಲ್ಲ, ಆದ್ರೆ ಊರಿಗೆ ಹೋಗಿ ಜನರ ಮುಖ ನೋಡೋಕೂ ಆಗಲ್ಲ. 'ಅಪ್ಪಂಗೆ ಹೆಂಗೆ ಹೇಳ್ಲಿ?' ಅಂದ. ಮೂರು ಟೀ ಕುಡಿದ. ನಾನು ಎರಡು ಲೋಟ ಶುಂಠಿ ನೀರು. ಅಂಗಡಿಯವನು ಸ್ಟವ್ ಆರಿಸಿ, ಪಾತ್ರೆ ತೊಳೆದು, ನಮ್ಮನ್ನ ಏಳಿಸದೆ ಬೆಂಚು ಬಿಟ್ಟು ಹೋದ. ಆ ಭಾನುವಾರ ಇಬ್ಬರೂ ಸೇರಿ ಚಿಕ್ಕಪ್ಪನಿಗೆ ಫೋನ್ ಮಾಡಿದ್ವಿ. ತಮ್ಮ ಈಗ ಒಂದು ಕೋಚಿಂಗ್‌ನಲ್ಲಿ ಟೆಸ್ಟ್ ಸೀರೀಸ್ ಉತ್ತರ ತಿದ್ದುತ್ತಾನೆ, ರೂಮಿನ ಅರ್ಧ ಬಾಡಿಗೆ ಅವನೇ ಕೊಡ್ತಾನೆ, ಜೊತೆಗೆ ಓದ್ತಾನೆ.

ರುಚಿ ಬೇಡ ಅನ್ನೋದನ್ನ ನಾನು ಇವತ್ತಿಗೂ ಬಿಟ್ಟಿಲ್ಲ. ಆದ್ರೆ ಟೀಗೆ ಕರೆದಾಗ 'ನಾನು ಕುಡಿಯಲ್ಲ' ಅಂತ ಕುರ್ಚಿಯಲ್ಲೇ ಕೂರೋದು ಬೇರೆ, ಎದ್ದು ಹೋಗಿ ಬೇರೇನೋ ಹಿಡಿದು ನಿಲ್ಲೋದು ಬೇರೆ. ಕರೆದೋರು ಕರೆದಿದ್ದು ನಿಮ್ಮನ್ನ. ಕೈಯಲ್ಲಿ ಬಿಸಿ ಲೋಟ ಒಂದಿದ್ರೆ ಅದರಲ್ಲಿ ಏನಿದೆ ಅಂತ ಐದು ನಿಮಿಷ ಆದ ಮೇಲೆ ಯಾರೂ ನೋಡಲ್ಲ. ಖಾಲಿ ಕೈ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತೆ. ದುಡ್ಡನ್ನ ನೀವೇ ಕೊಡಿ, ಅಂಗಡಿಯವನಿಗೂ ಬೇಜಾರಿರಲ್ಲ. ನಮ್ಮ ಅಂಗಡಿಯವನು ಮೊದಲು ಬಿಸಿನೀರಿಗೆ ದುಡ್ಡು ತಗೊಳ್ತಿರಲಿಲ್ಲ. ಗ್ಯಾಸ್ ಖರ್ಚಾಗುತ್ತಲ್ಲ ಭೈಯಾ ಅಂತ ನಾನೇ 5 ರೂಪಾಯಿ ಶುರು ಮಾಡಿದೆ. ಈಗ ಅದಕ್ಕೆ 'ಬಿನಾ ಚಾಯ್ ವಾಲೀ ಚಾಯ್' ಅಂತ ಹೆಸರಿಟ್ಟಿದ್ದಾನೆ.

ಆದ್ರೆ ಆಫೀಸಿನ ವಿಷಯದಲ್ಲಿ ನಾನು ಇಷ್ಟು ಮೆತ್ತಗಿಲ್ಲ. ಈಗ ಲೀಡ್, ಮ್ಯಾನೇಜರ್ ಆಗಿರೋರು ಕೇಳುತ್ತಿದ್ದರೆ ಇದು ನಿಮಗೇ. ಹಿಂದೆ ನಾನಿದ್ದ ಒಂದು ತಂಡದಲ್ಲಿ ರಿಲೀಸ್ ಎರಡು ವಾರ ಮುಂದಕ್ಕೆ ಹೋಗಿದ್ದು, ಒಂದು ಮಾಡ್ಯೂಲ್ ಇನ್ನೊಬ್ಬರ ಕೈಗೆ ಹೋಗಿದ್ದು, ಬಿಲ್ಡಿಂಗ್ ಕೆಳಗಿನ ಟೀ ಅಂಗಡಿಯಲ್ಲಿ ತೀರ್ಮಾನ ಆಯ್ತು. ನನಗೆ ಮಾರನೇ ದಿನ ಗೊತ್ತಾಯ್ತು. ನನ್ನ ಜೊತೆ ಕೇರಳದ ಸಹೋದ್ಯೋಗಿಯೊಬ್ಬರಿಗೂ ಹಾಗೇ. ಅವರಿಗೆ ಟೀ ಅಂದ್ರೆ ಪ್ರಾಣ. ಆದ್ರೆ ಹತ್ತು ಗಂಡಸರು ಸಿಗರೇಟ್ ಸೇದ್ತಾ ನಿಂತಿರೋ ಜಾಗಕ್ಕೆ ಅವರು ಹೋಗ್ತಿರಲಿಲ್ಲ. ಕೇಳಿದ್ದಕ್ಕೆ ಲೀಡ್ ಅಂದಿದ್ದು, 'ಅರೆ ಯಾರ್, ಚಾಯ್ ಪೀ ರಹೇ ಥೇ, ಮೀಟಿಂಗ್ ಥೋಡೀ ಥೀ!' ಅವರು ಕೆಟ್ಟೋರಲ್ಲ, ನಿಜವಾಗ್ಲೂ ಅದು ಮೀಟಿಂಗ್ ಅಂತ ಅವರಿಗೆ ಅನ್ನಿಸಿರಲಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ ಆ ಸಹೋದ್ಯೋಗಿಗೆ ಬಂದ ಟೀಕೆ ಏನು ಗೊತ್ತಾ? ತಂಡದ ಆಗುಹೋಗುಗಳಲ್ಲಿ ತೊಡಗಿಕೊಳ್ಳಲ್ಲ ಅಂತ. ಮೂರು ತಿಂಗಳಲ್ಲಿ ಅವರು ಕೆಲಸ ಬಿಟ್ಟು ಕೊಚ್ಚಿಗೆ ಹೋದ್ರು.

ಈಗ ನನ್ನದೇ ಒಂಬತ್ತು ಜನರ ತಂಡ ಇದೆ. ಟೀಗೆ ಹೋಗಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳಿದ್ರೆ ಒಂಬತ್ತು ಜನವೂ ರಾಜೀನಾಮೆ ಕೊಡ್ತಾರೆ. ಒಂದೇ ನಿಯಮ: ಕೆಳಗೆ ಮಾತಾಡಿದ ಕೆಲಸದ ವಿಷಯವನ್ನ ಮೇಲೆ ಬಂದ ತಕ್ಷಣ ಒಬ್ಬರು ಟೀಮ್ ಚಾಟ್‌ನಲ್ಲಿ ಎರಡು ಸಾಲು ಬರೀಬೇಕು. ಬರೆಯೋ ತನಕ ಅದು ತೀರ್ಮಾನ ಅಲ್ಲ. ಮೊದಲ ತಿಂಗಳು ಗೊಣಗಿದ್ರು. ಈಗ ಸಂಜೆ ನಾಲ್ಕೂವರೆಗೆ ಮೆಸೇಜ್ ಬರುತ್ತೆ, ಒಮ್ಮೊಮ್ಮೆ ಅವತ್ತಿನ ಸಮೋಸ ಹೇಗಿತ್ತು ಅನ್ನೋದೂ ಸೇರಿ.

ಇಷ್ಟು ಹೇಳಬೇಕಿತ್ತು.