ಗಾಳಿಯಲ್ಲಿ ನಡೆದ ಶೀತಲ ಸಮರ



ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಶೀತಲ ಸಮರ ಎಂದ ಕೂಡಲೇ ಅಣುಬಾಂಬು, ಬರ್ಲಿನ್ ಗೋಡೆ, ಚಂದ್ರನತ್ತ ಓಟದ ಪೈಪೋಟಿ ನೆನಪಾಗುತ್ತವೆ. ಆದರೆ ಈ ಎರಡು ದೈತ್ಯರು ನಾಲ್ಕು ದಶಕಗಳ ಕಾಲ ಹಗಲೂ ರಾತ್ರಿ ಜಗಳವಾಡಿದ್ದು ರೇಡಿಯೋದಲ್ಲಿ. ಮೈಕನ್ನೇ ನಂಬಿ ಅನ್ನ ತಿನ್ನುವ ನನಗೆ ಇವತ್ತು ಆ ಕಥೆ ಹೇಳುವ ಆಸೆ.

1947ರ ಫೆಬ್ರವರಿಯಲ್ಲಿ ವಾಯ್ಸ್ ಆಫ್ ಅಮೆರಿಕ ರಷ್ಯನ್ ಭಾಷೆಯಲ್ಲಿ ಪ್ರಸಾರ ಶುರುಮಾಡಿತು. ಮರುವರ್ಷವೇ ಮಾಸ್ಕೋ ಉತ್ತರ ಕೊಟ್ಟಿತು, ಮಾತಿನಿಂದಲ್ಲ, ಗದ್ದಲದಿಂದ. ಶತ್ರುವಿನ ಕಾರ್ಯಕ್ರಮ ಬರುವ ತರಂಗಾಂತರದಲ್ಲೇ ಗೊರಗೊರ ಸದ್ದನ್ನು ಬಿಡುವುದು! ಇದಕ್ಕೆ ಜಾಮಿಂಗ್ ಎಂದು ಹೆಸರು. ಇದರ ಬಿಗಿ ಹೆಚ್ಚಾಗಿ ದೊಡ್ಡ ಊರುಗಳಲ್ಲಿತ್ತು. ಹಾಗಾಗಿ ಜನ ಊರಾಚೆಯ ತೋಟದ ಮನೆಗಳಿಗೆ ಹೋಗಿ, ಕಿವಿಗೆ ರೇಡಿಯೋ ಹಚ್ಚಿಕೊಂಡು ಕೇಳುತ್ತಿದ್ದರು. ತಮಾಷೆ ನೋಡಿ, ಅಷ್ಟು ವಿಶಾಲ ದೇಶಕ್ಕೆ ತನ್ನದೇ ದನಿ ಮುಟ್ಟಿಸಲು ಶಾರ್ಟ್‌ವೇವ್ ಸೆಟ್ಟುಗಳನ್ನು ಲಕ್ಷಗಟ್ಟಲೆ ತಯಾರಿಸಿ ಮಾರಿದ್ದೂ ಅದೇ ಸರ್ಕಾರ. ಒಂದು ಕೈಯಲ್ಲಿ ಕಿವಿ ಕೊಟ್ಟು, ಇನ್ನೊಂದು ಕೈಯಲ್ಲಿ ಮುಚ್ಚಿದ ಹಾಗೆ.

ಹಾಗೆಂದು ಅಮೆರಿಕದ ಕಡೆಯವರು ಹರಿಶ್ಚಂದ್ರನ ವಂಶದವರೇನಲ್ಲ. 1950ರಲ್ಲಿ ಪೂರ್ವ ಯೂರೋಪಿಗಾಗಿ ಶುರುವಾಗಿ ಮ್ಯೂನಿಕ್‌ನಿಂದ ಮಾತಾಡಿದ ರೇಡಿಯೋ ಫ್ರೀ ಯೂರೋಪ್ ತಾನು ಸಾಮಾನ್ಯ ಅಮೆರಿಕನ್ನರ ದೇಣಿಗೆಯಿಂದ ನಡೆಯುತ್ತೇನೆ ಎಂದು ತೋರಿಸಿಕೊಂಡಿತು. ಹಣ ಬರುತ್ತಿದ್ದದ್ದು ಬಹುಪಾಲು ಸಿ.ಐ.ಎ.ಯಿಂದ. ಈ ಗುಟ್ಟು ಪೂರ್ತಿ ಬಯಲಾಗಿ, ಸಂಸತ್ತೇ ಬಹಿರಂಗವಾಗಿ ಹಣ ಕೊಡುವಂತಾಗಲು 1970ರ ದಶಕದ ಮೊದಲ ವರ್ಷಗಳವರೆಗೆ ಕಾಯಬೇಕಾಯಿತು.

1956ರ ಹಂಗೆರಿಯ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು ಎಲ್ಲಿಗೆ ಹೋದರು ಗೊತ್ತೇ? ರೇಡಿಯೋ ಕಟ್ಟಡಕ್ಕೆ. ನಮ್ಮ ಬೇಡಿಕೆಗಳನ್ನು ಬಾನುಲಿಯಲ್ಲಿ ಓದಿ ಎಂದು ಕೇಳಿದರು. ಆ ರಾತ್ರಿ ಅಲ್ಲೇ ಗುಂಡು ಹಾರಿತು, ಪ್ರತಿಭಟನೆ ದಂಗೆಯಾಯಿತು. ಮುಂದಿನ ದಿನಗಳಲ್ಲಿ ರೇಡಿಯೋ ಫ್ರೀ ಯೂರೋಪಿನ ಹಂಗೇರಿಯನ್ ವಿಭಾಗ ಹೋರಾಟಗಾರರನ್ನು ಹುರಿದುಂಬಿಸಿತು. ಹೊರಗಿನಿಂದ ನೆರವು ಬರಬಹುದು ಎಂಬ ಆಸೆ ಹುಟ್ಟಿಸುವ ಮಾತುಗಳೂ ಕೆಲವು ಪ್ರಸಾರಗಳಲ್ಲಿ ನುಸುಳಿದವು. ನೆರವು ಬರಲಿಲ್ಲ. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬಂದವು. ಸುಮಾರು 2,500 ಹಂಗೇರಿಯನ್ನರು ಸತ್ತರು, ಎರಡು ಲಕ್ಷ ಜನ ದೇಶ ಬಿಟ್ಟರು. ಮ್ಯೂನಿಕ್‌ನ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂತಿದ್ದವನಿಗೆ ಏನೂ ಆಗಲಿಲ್ಲ. ಅವನ ಮಾತು ನಂಬಿ ಬೀದಿಗಿಳಿದವನ ಗತಿ ಬೇರೆ.

ನಮ್ಮನ್ನೂ ಅವರು ಬಿಟ್ಟಿರಲಿಲ್ಲ ಎನ್ನಿ. ಭಾರತ ಅಲಿಪ್ತ ದೇಶ, ಅಂದರೆ ಇಬ್ಬರಿಗೂ ಒಲಿಸಿಕೊಳ್ಳಬೇಕಾದ ನೆಂಟ. ರೇಡಿಯೋ ಮಾಸ್ಕೋ ಹಿಂದಿ, ತಮಿಳು, ತೆಲುಗುಗಳ ಜೊತೆಗೆ ಕನ್ನಡದಲ್ಲೂ ಮಾತಾಡುತ್ತಿತ್ತು! ಪರಊರಿನ ಕೇಂದ್ರವೊಂದರಲ್ಲಿ ಕನ್ನಡಕ್ಕೆ ಸಿಗುವ ಚೂರು ವೇಳೆಯಲ್ಲಿ ನಿಮ್ಮೊಡನೆ ಹರಟುವ ನಮಗೆ, ಕ್ರೆಮ್ಲಿನ್ನಿನ ನಗರದಿಂದ ಕನ್ನಡ ಕೇಳಿಬರುತ್ತಿತ್ತು ಎಂದರೆ ಸೋಜಿಗವೇ.

ಕೊನೆಯಲ್ಲಿ ನಮ್ಮ ಕಸುಬಿನವನೇ ಒಬ್ಬನ ವಿಷಯ. ವ್ಲಾದಿಮಿರ್ ದಾಂಚೆವ್ ರೇಡಿಯೋ ಮಾಸ್ಕೋದ ಇಂಗ್ಲಿಷ್ ಸುದ್ದಿವಾಚಕ. ಸೋವಿಯತ್ ಸೇನೆ 1979ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿತ್ತು. ಅಲ್ಲಿನ ಸರ್ಕಾರ ಕರೆದಿದ್ದಕ್ಕೆ ಹೋದ ನೆರವಿನ ಪಡೆ ಅದು ಎಂಬುದು ಸರ್ಕಾರದ ಮಾತು. 1983ರ ಮೇ ತಿಂಗಳಲ್ಲಿ ದಾಂಚೆವ್ ಸುದ್ದಿ ಓದುತ್ತಾ ಅದೇ ಸೇನೆಯನ್ನು ಆಕ್ರಮಣಕಾರರು ಎಂದುಬಿಟ್ಟ. ಒಂದು ದಿನವಲ್ಲ, ಹಲವು ದಿನ. ಬರೆದುಕೊಟ್ಟಿದ್ದನ್ನು ಅಕ್ಷರ ಬಿಡದೆ ಓದುವುದು ನಮಗೆ ಮೊದಲ ದಿನವೇ ಕಲಿಸುವ ಪಾಠ. ಅಂಥದ್ದರಲ್ಲಿ ಆ ದೇಶದಲ್ಲಿ, ಆ ಕಾಲದಲ್ಲಿ! ವಿದೇಶಿ ಪ್ರಸಾರಗಳನ್ನು ಆಲಿಸುವುದೇ ಕೆಲಸವಾದ ಬಿ.ಬಿ.ಸಿ. ವಿಭಾಗದವರು ಅದನ್ನು ಗುರುತಿಸಿದರು, ಸುದ್ದಿ ಜಗತ್ತಿಗೆ ಹಬ್ಬಿತು.

ದಾಂಚೆವ್‌ನನ್ನು ಕೆಲಸದಿಂದ ತೆಗೆದು ತಾಷ್ಕೆಂಟಿಗೆ ಕಳಿಸಿದರು. ಅಲ್ಲಿ ಮಾನಸಿಕ ಆಸ್ಪತ್ರೆಗೂ ಸೇರಿಸಿದರು. ಅದೇ ವರ್ಷದ ಕೊನೆಯಲ್ಲಿ ಮಾಸ್ಕೋಗೆ ಮರಳಿದ, ರೇಡಿಯೋದಲ್ಲೇ ಕೆಲಸವೂ ಸಿಕ್ಕಿತು. ಮೈಕನ್ನು ಮಾತ್ರ ಕೊಡಲಿಲ್ಲ.