ಕರೆಯದೆ ಬಂದ ಅತಿಥಿಯ ಖರ್ಚು



ರಾಜ್ಯೋತ್ಸವದ ವೇದಿಕೆಯಲ್ಲಿ ಹುಳುವಿನ ಮಾತೇಕೆಂದು ತಾವು ಕೇಳಬಹುದು. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ಹೊಟ್ಟೆ ಹೊರೆಯುವ ನಮಗೆ, ಯಾವ ಪುಸ್ತಕದಲ್ಲೂ ಹೆಸರಿಲ್ಲದ ಖರ್ಚೊಂದನ್ನು ಕಂಡು ಸುಮ್ಮನಿರಲಾಗಲಿಲ್ಲ. ಪರದೇಶದ ಕೀಟಗಳಿಂದ ನಮ್ಮ ಬೆಳೆಗೆ ಒದಗುವ ನಷ್ಟ ಅಂಥದು.

ಪರಂಗಿಯನ್ನೇ ತೆಗೆದುಕೊಳ್ಳಿ. ಮೆಕ್ಸಿಕೊ, ಮಧ್ಯ ಅಮೆರಿಕಗಳ ಈ ಗಿಡ ಶತಮಾನಗಳ ಹಿಂದೆಯೇ ಬಂದು ನಮ್ಮ ಹಿತ್ತಲಿನದೇ ಆಗಿಹೋಯಿತು. ಅದರ ತವರಿನ ಹಿಟ್ಟುತಿಗಣೆ ಮಾತ್ರ ಬಹುಕಾಲ ಅಲ್ಲಿಯೇ ಉಳಿದಿತ್ತು. 2008ರಲ್ಲಿ ಅದು ನಾವು ನೆಲೆಸಿರುವ ಈ ತಮಿಳುನಾಡಿನ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಮುಂದೆ ಕರ್ನಾಟಕ, ಕೇರಳ, ಮಹಾರಾಷ್ಟ್ರಗಳಿಗೂ ಹಬ್ಬಿತು. ಪರಂಗಿಯಷ್ಟೇ ಅಲ್ಲ, ಹಿಪ್ಪುನೇರಳೆ, ಮರಗೆಣಸುಗಳನ್ನೂ ಹಿಡಿಯಿತು.

ಮೈತುಂಬ ಮೇಣದ ಹಿಟ್ಟು ಹೊದ್ದ ಈ ತಿಗಣೆಗೆ ಔಷಧಿ ಸುಲಭವಾಗಿ ತಾಗದು. ಮತ್ತೆ ಮತ್ತೆ ಸಿಂಪಡಿಸಿದರೆ ಅದನ್ನು ತಿನ್ನುವ ಉಪಕಾರಿ ಕೀಟಗಳೂ ಸಾಯುತ್ತವೆ. ಹಿಪ್ಪುನೇರಳೆಯ ರೈತನ ಸಂಕಟ ಇನ್ನೂ ದೊಡ್ಡದು: ಔಷಧಿ ಹೊಡೆದ ಎಲೆ ತಿಂದರೆ ರೇಷ್ಮೆಹುಳು ಸಾಯುತ್ತದೆ, ಹೊಡೆಯದಿದ್ದರೆ ಎಲೆಯೇ ದಕ್ಕದು. ಔಷಧಿಯ ಬೆಲೆ, ಆಳಿನ ಕೂಲಿ, ಕೈತಪ್ಪಿದ ಫಸಲು, ಇವೆಲ್ಲ ಬ್ಯಾಂಕಿನ ಪುಸ್ತಕಕ್ಕೆ ಬರುವಾಗ 'ಕಂತು ಬಾಕಿ' ಎಂಬ ಎರಡೇ ಮಾತಾಗಿ ಬರುತ್ತವೆ. ತಿಗಣೆಯ ಹೆಸರು ಅಲ್ಲಿರುವುದಿಲ್ಲ, ರೈತನ ಹೆಸರಿರುತ್ತದೆ.

ಪರಿಹಾರ ಬೆಂಗಳೂರಿನಿಂದ ಬಂದಿತೆಂಬುದು ಈ ದಿನ ನೆನೆಯತಕ್ಕ ಸಂಗತಿ. ಅಲ್ಲಿ ಹೆಬ್ಬಾಳದಲ್ಲಿರುವ ಕೇಂದ್ರ ಸರಕಾರದ ಕೃಷಿ ಕೀಟ ಸಂಶೋಧನ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಪರೀಕ್ಷಿಸಿ, ತೋಟಗಳಿಗೆ ಬಿಡಿಸಿದರು. ಸೊಳ್ಳೆಗಿಂತ ಚಿಕ್ಕದಾದ ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ಅದನ್ನು ತಿಂದು ಮುಗಿಸುತ್ತದೆ. ಕೆಲವೇ ತಿಂಗಳುಗಳಲ್ಲಿ ಹಾವಳಿ ಇಳಿಯಿತು.

ಎಲ್ಲ ಕೀಟಕ್ಕೂ ಹೀಗೆ ವೈರಿ ಸಿಕ್ಕೀತೆಂದು ನಂಬಿ ಕೂರುವಂತಿಲ್ಲ. ಜೀವವೈವಿಧ್ಯವನ್ನು ಕುರಿತ ಅಂತರಸರಕಾರಿ ವೇದಿಕೆ 2023ರಲ್ಲಿ ಪ್ರಕಟಿಸಿದ ವರದಿಯಂತೆ, ಹೊರಗಿನಿಂದ ಬಂದು ಹಾವಳಿ ಮಾಡುವ ಪ್ರಾಣಿ, ಸಸ್ಯಗಳಿಂದ ಜಗತ್ತಿಗೆ 2019ರ ಒಂದೇ ವರ್ಷದಲ್ಲಿ ತಗುಲಿದ ವೆಚ್ಚ 42,300 ಕೋಟಿ ಡಾಲರಿಗೂ ಹೆಚ್ಚು. ಇದರಲ್ಲಿ ನೂರಕ್ಕೆ 92 ಪಾಲು ಹಾನಿ. ಹತೋಟಿಗೆಂದು ಮಾಡಿದ ಖರ್ಚು 8 ಪಾಲು ಮಾತ್ರ. ಬಾಗಿಲಿಗೆ ಅಗುಳಿ ಹಾಕಲು ಎಂಟಾಣೆ ಕೊಡದೆ, ಕಳವಾದ ಮೇಲೆ ರೂಪಾಯಿಗಟ್ಟಲೆ ಕಳೆದುಕೊಳ್ಳುವ ಸಂಸಾರ ಇದು.

ಅಗುಳಿ ಹಾಕುವ ಕೆಲಸದಲ್ಲಿ ಪಟ್ಟಣವಾಸಿಗಳಾದ ನಮಗೂ ಪಾಲಿದೆ. ಇಂಥ ಕೀಟಗಳು ಸಸಿ, ಹಣ್ಣುಗಳ ಜೊತೆಯಲ್ಲಿ ಗಡಿ ದಾಟುತ್ತವೆ. ಪರದೇಶದಿಂದ ಬರುವ ನಮ್ಮ ಮಕ್ಕಳು, ನೆಂಟರು ಪೆಟ್ಟಿಗೆಯಲ್ಲಿ ಒಂದು ಚಂದದ ಸಸಿಯನ್ನು ಅಡಗಿಸಿ ತಂದರೆ ನಾವು ಮೆಚ್ಚಿ ಕುಂಡದಲ್ಲಿ ನೆಡುತ್ತೇವೆ. ಸಸ್ಯಗಳ ಆಮದಿಗೆ ಪರವಾನಗಿಯೂ ತಪಾಸಣೆಯೂ ಬೇಕೆಂದು 2003ರ ಸರಕಾರಿ ಆಜ್ಞೆಯೇ ಇದೆ. ಅದನ್ನು ಮನೆಮಂದಿಗೆ ತಿಳಿಸಿ ಹೇಳೋಣ. ನಮ್ಮ ಕುಂಡದ ಚೆಲುವಿಗೆ ಊರಿನ ರೈತ ಕಂತು ಕಟ್ಟುವಂತಾಗಬಾರದು.